ಗೋಡೆಯ ಮೇಲಿನ ಪೆಟ್ಟಿಗೆಗೆ ಹೆದರಬೇಕೇ?



ಸಂಬಳದ ಪುಸ್ತಕ ಓದಲು ಬಾರದೆ ಹೆಬ್ಬೆಟ್ಟು ಒತ್ತಿದ ಕಾಲವನ್ನು ನಮ್ಮ ಹಿರಿಯರು ಮರೆತಿಲ್ಲ. ಬರೆದವನು ಹೇಳಿದ್ದೇ ಲೆಕ್ಕವಾಗಿತ್ತು. ಅಕ್ಷರ ಕಲಿತ ಮೇಲೆ ಆ ಭಯ ಹೋಯಿತು. ಇಂದು ಭವಿಷ್ಯನಿಧಿಯ ಲೆಕ್ಕವೂ ಮಕ್ಕಳ ಪಾಠವೂ ಕಂಪ್ಯೂಟರ್ ಜಾಲದ ಮೂಲಕ ಬರುತ್ತಿವೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಗುಡ್ಡಗಾಡಿನ ಎಷ್ಟೋ ಮಕ್ಕಳು ಸಿಗ್ನಲ್ ಹುಡುಕುತ್ತಾ ದಿಬ್ಬ ಹತ್ತಿದರು. ಆನೆ ತಿರುಗುವ ಮಾವನಲ್ಲ, ಮಸಿನಗುಡಿಯಂಥ ಊರುಗಳಲ್ಲಿ ಅದು ಸಣ್ಣ ಮಾತಲ್ಲ. ಆದರೂ ಮನೆಯ ರೌಟರ್ ಪೆಟ್ಟಿಗೆಯ ದೀಪ ಕೆಂಪಾದರೆ ನಾವು ಕೈಕಟ್ಟಿ ಕೂರುತ್ತೇವೆ. ರಿಪೇರಿಯವನು ಕೇಳಿದಷ್ಟು ಕೊಡುತ್ತೇವೆ.

ಈ ವಿದ್ಯೆ ನಮಗೆ ಅಷ್ಟು ದೂರದ್ದೇ? ಎಸ್ಟೇಟಿನ ಕಾಗದಗಳೆಲ್ಲ ಒಂದೇ ವಿಳಾಸಕ್ಕೆ ಬರುತ್ತವೆ. ಆಫೀಸಿನವರು ಲೈನ್ ಮನೆಯ ನಂಬರು ನೋಡಿ ಹಂಚುತ್ತಾರೆ. ರೌಟರ್ ಮಾಡುವುದೂ ಇದನ್ನೇ. ಹೊರಜಗತ್ತಿಗೆ ಒಂದೇ ವಿಳಾಸ, ಒಳಗಿನ ಪ್ರತಿ ಫೋನಿಗೂ ಕಂಪ್ಯೂಟರಿಗೂ ಬೇರೆ ಬೇರೆ ನಂಬರು. 192.168 ಎಂದು ಆರಂಭವಾಗುವ ನಂಬರುಗಳನ್ನು 1990ರ ದಶಕದಲ್ಲಿ ಇಂಥ ಒಳಬಳಕೆಗೆಂದೇ ಮೀಸಲಿಟ್ಟರು. ಆದುದರಿಂದ ಅದೇ ನಂಬರು ಪಕ್ಕದ ಮನೆಯಲ್ಲಿಯೂ ಇರಬಹುದು.

ನೀರು ನಿಂತರೆ ಟ್ಯಾಂಕಿನಿಂದ ಹಿಡಿದು ಒಂದೊಂದೇ ಜಾಯಿಂಟ್ ನೋಡುತ್ತೇವಲ್ಲವೇ? ಇಲ್ಲಿಯೂ ಹಾಗೆಯೇ. ಕಂಪ್ಯೂಟರಿನಲ್ಲಿ ‘ಪಿಂಗ್’ ಎಂಬ ಆಜ್ಞೆಯಿದೆ. ‘ಇದ್ದೀಯಾ?’ ಎಂದು ಕೂಗಿ ಉತ್ತರಕ್ಕೆ ಕಾಯುವುದೇ ಅದರ ಕೆಲಸ. ಮೊದಲು ರೌಟರಿನ ನಂಬರಿಗೆ ಕೂಗಿರಿ. ಅನೇಕ ಮನೆಗಳಲ್ಲಿ ಅದು 192.168.1.1. ಉತ್ತರ ಬಾರದಿದ್ದರೆ ತಂತಿ ಸಡಿಲವೇ, ಪಾಸ್‌ವರ್ಡ್ ತಪ್ಪೇ ಎಂದು ಮನೆಯೊಳಗೆ ನೋಡಿರಿ. ಬಂದರೆ 8.8.8.8 ಎಂಬ ಹೊರಗಿನ ನಂಬರಿಗೆ ಕೂಗಿರಿ. ಅಲ್ಲಿಂದ ಉತ್ತರವಿಲ್ಲದಿದ್ದರೆ ಮೊದಲು ಸಂಪರ್ಕ ಕೊಟ್ಟವರಿಗೆ ದೂರು ಕೊಡಿರಿ. ಹೊಸ ಪೆಟ್ಟಿಗೆ ಕೊಳ್ಳುವ ಅವಸರ ಬೇಡ. ನಂಬರು ಓಗೊಟ್ಟು ಹೆಸರು ಮಾತ್ರ ಓಗೊಡದಿದ್ದರೆ, ಹೆಸರನ್ನು ನಂಬರಿಗೆ ತಿರುಗಿಸುವ ಕೊಂಡಿ ತಪ್ಪಿದೆ ಎಂದು ತಿಳಿಯಬಹುದು.

ಕಲಿಯಲು ತಿಂಗಳ ಬಿಲ್ಲೂ ಬೇಕಿಲ್ಲ. ಒಂದು ಹಳೆಯ ರೌಟರ್, ಎರಡು ಹಳೆಯ ಕಂಪ್ಯೂಟರ್, ಒಳಗೆ ಎಂಟು ಎಳೆಗಳಿರುವ ಕೇಬಲ್ ಇದ್ದರೆ ಸಾಕು. ಇಂಟರ್ನೆಟ್ ಇಲ್ಲದೆಯೇ ಒಂದರಲ್ಲಿಟ್ಟ ಪಾಠವನ್ನು ಇನ್ನೊಂದರಲ್ಲಿ ಓದಬಹುದು. ಅಂಥ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ. ವೈಫೈಗೆ ತಗಡಿನ ಗೋಡೆ ಅಡ್ಡಿ; ಪೆಟ್ಟಿಗೆಯನ್ನು ಮನೆಯ ನಡುವೆ, ಎತ್ತರದಲ್ಲಿಡಿರಿ.

ಎರಡು ಎಚ್ಚರಿಕೆಗಳು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿರಿ. ಗುಡುಗು ಬರುವ ಲಕ್ಷಣ ಕಂಡೊಡನೆ ಪ್ಲಗ್ಗನ್ನೂ ಹೊರಗಿನ ತಂತಿಯನ್ನೂ ಬಿಚ್ಚಿಡಿರಿ. ಗುಡುಗು ಆರಂಭವಾದ ಮೇಲೆ ಅವುಗಳನ್ನು ಮುಟ್ಟಬೇಡಿರಿ.

ವಾರಕ್ಕೊಂದು ಸಂಜೆ ನಾಲ್ಕು ಮನೆಯವರು ಒಟ್ಟಿಗೆ ಕುಳಿತು ಕಲಿಯೋಣ. ಗಂಡುಮಕ್ಕಳಷ್ಟೇ ಅಲ್ಲ, ಹೆಣ್ಣುಮಕ್ಕಳೂ ತಾಯಂದಿರೂ ಆ ಪೆಟ್ಟಿಗೆಯನ್ನು ಬಿಚ್ಚಿ ಜೋಡಿಸಲಿ. ಕಲಿತವನು ಇನ್ನೊಬ್ಬನಿಗೆ ಕಲಿಸಲಿ. ಹೆಬ್ಬೆಟ್ಟಿನ ಕಾಲ ಮತ್ತೊಂದು ರೂಪದಲ್ಲಿ ನಮ್ಮ ಮನೆಗೆ ಮರಳಿ ಬಾರದಿರಲಿ.