ಕಿಲ್ಲಾರಿ ನಮಗೆ ದೂರವಲ್ಲ: ಬೀದರ್ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಭಾಲ್ಕಿ ತಾಲ್ಲೂಕಿನ ಸಾಯಗಾಂವದಿಂದ ಬರೆಯುತ್ತಿದ್ದೇನೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ತಾವೇ ಆಗಿರುವುದರಿಂದ ಈ ಮಾತನ್ನು ತಮ್ಮ ಮುಂದೆಯೇ ಇಡಬೇಕು. ಮಳೆಗಾಲ ಬಂತೆಂದರೆ ನಮ್ಮ ಕಡೆ ಮಾಂಜ್ರಾ ನದಿಯ ನೆರೆಯ ಚಿಂತೆ ಎಲ್ಲರಿಗೂ ಇರುತ್ತದೆ. ಭೂಕಂಪದ ಚಿಂತೆ ಮಾತ್ರ ನೆಲ ನಡುಗಿದ ಮೇಲೆ ಎರಡು ದಿನ ಇದ್ದು ಮರೆಯಾಗುತ್ತದೆ.

1993ರ ಸೆಪ್ಟೆಂಬರ್ 30ರ ನಸುಕು ನಮ್ಮ ಭಾಗದ ಹಿರಿಯರಿಗೆ ಇನ್ನೂ ನೆನಪಿದೆ. ಅನಂತ ಚತುರ್ದಶಿಯ ಗಣಪತಿ ಕಳಿಸಿ ಬಂದ ಜನ ಗಾಢ ನಿದ್ದೆಯಲ್ಲಿದ್ದಾಗ, 3 ಗಂಟೆ 56 ನಿಮಿಷಕ್ಕೆ ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮವಾಯಿತು. ಭಾಲ್ಕಿಯಿಂದ ಕಿಲ್ಲಾರಿ ನೇರ ಲೆಕ್ಕದಲ್ಲಿ 70 ಕಿಲೋಮೀಟರ್ ಆಸುಪಾಸು. ನಿಲಂಗಾ, ಔಸಾ, ಉಮರ್ಗಾ ಎಂದರೆ ನಮಗೆ ಹೆಣ್ಣು ಕೊಟ್ಟು ತಂದ ಊರುಗಳು. ಆ ಕಂಪನದ ತೀವ್ರತೆ 6.2. 2001ರಲ್ಲಿ ಭುಜ್‌ನಲ್ಲಿ ಆದದ್ದು 7.7. ಅದರ ಮುಂದೆ ಕಿಲ್ಲಾರಿಯದು ಬಹಳ ಸಣ್ಣದು. ಆದರೂ ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತು ಸಾವಿರದ ಹತ್ತಿರ ಜೀವ ಹೋದವು. ಆಗಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಒಂದನೇ ವಲಯದಲ್ಲಿತ್ತು, ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯವಿದೆ ಎಂದು ಗುರುತಿಸಿದ ಜಾಗ. 2002ರ ಪರಿಷ್ಕರಣೆಯಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಲಾಯಿತು.

ಅಷ್ಟು ಜನ ಸತ್ತದ್ದು ಮನೆಗಳಿಂದ. ಅಂಥ ಮನೆ ಹೇಗಿರುತ್ತದೆ ಎಂದು ನೋಡಲು ಕಿಲ್ಲಾರಿಗೆ ಹೋಗಬೇಕಿಲ್ಲ, ನಮ್ಮ ಹಳೆಯ ಓಣಿಗಳಿಗೆ ಬಂದರೆ ಸಾಕು. ಎರಡು ಅಡಿಗೂ ಮಿಕ್ಕಿದ ದಪ್ಪ ಗೋಡೆ. ಹೊರಗಡೆ ಒಂದು ಸಾಲು ಕರಿಕಲ್ಲು, ಒಳಗಡೆ ಒಂದು ಸಾಲು, ನಡುವೆ ಕೆಸರು ಮತ್ತು ಚೂರುಗಲ್ಲು. ಎರಡು ಸಾಲನ್ನೂ ಹಿಡಿದಿಡುವ ಉದ್ದಗಲ್ಲು ಎಲ್ಲೋ ಒಂದೆರಡು, ಎಷ್ಟೋ ಗೋಡೆಗಳಲ್ಲಿ ಅದೂ ಇಲ್ಲ. ಮೇಲೆ ಜಂತಿ, ಜಂತಿಯ ಮೇಲೆ ಮಣ್ಣಿನ ಮಾಳಿಗೆ. ಸೋರಿದಾಗೆಲ್ಲ ಹಳೆಯದರ ಮೇಲೆಯೇ ಹೊಸ ಮಣ್ಣು ಬೀಳುತ್ತದೆ, ಹಳೆಯ ಮಣ್ಣನ್ನು ಯಾರೂ ಇಳಿಸುವುದಿಲ್ಲ. ಎರಡು ತಲೆಮಾರಿನಲ್ಲಿ ಮಾಳಿಗೆ ಮೊಣಕಾಲೆತ್ತರ ಬೆಳೆದಿರುತ್ತದೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ, ನಿಜ. ಆದರೆ ನೆಲ ಅಲುಗಿದರೆ ಗೋಡೆಯ ಎರಡು ಸಾಲು ಬೇರೆ ಬೇರೆಯಾಗಿ ಹೊರಗೊಂದು ಒಳಗೊಂದು ಬೀಳುತ್ತವೆ, ಮಲಗಿದವರ ಮೇಲೆ ಟನ್‌ಗಟ್ಟಲೆ ಮಣ್ಣು ಕುಸಿಯುತ್ತದೆ. ಕಿಲ್ಲಾರಿಯಲ್ಲಿ ಎಷ್ಟೋ ಜನ ಕಲ್ಲೇಟಿಗಲ್ಲ, ಆ ಮಣ್ಣಿನಡಿ ಉಸಿರು ಕಟ್ಟಿ ಸತ್ತರು.

ಮುನ್ಸೂಚನೆಯ ಬಗ್ಗೆಯೂ ಒಂದು ಮಾತು. 1992ರಲ್ಲೇ ಕಿಲ್ಲಾರಿ ಸುತ್ತ ಸಣ್ಣ ಕಂಪನಗಳು ಶುರುವಾಗಿದ್ದವು. ಜನ ಹೆದರಿದರು, ಆಮೇಲೆ ಅದಕ್ಕೂ ಒಗ್ಗಿಕೊಂಡರು. ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ 2021ರ ಅಕ್ಟೋಬರ್‌ನಲ್ಲಿ ದಿನ ಬೆಳಗಾದರೆ ಸದ್ದು, ನಡುಕ. 11ರ ರಾತ್ರಿಯ ಕಂಪನ 4.1 ಇತ್ತು. ಜನ ಬಯಲಲ್ಲಿ ಮಲಗಿದರು, ಎಷ್ಟೋ ಕುಟುಂಬಗಳು ಊರೇ ಬಿಟ್ಟವು. ಅಲ್ಲಿ ದೊಡ್ಡ ಅನಾಹುತ ಆಗಲಿಲ್ಲ. ಸಣ್ಣ ಕಂಪನದ ಹಿಂದೆ ದೊಡ್ಡದು ಬಂದೇ ಬರುತ್ತದೆ ಎಂದೇನಿಲ್ಲ, ಬರುವುದಿಲ್ಲ ಎಂದು ಹೇಳುವವರೂ ಯಾರೂ ಇಲ್ಲ. ಆದ್ದರಿಂದ ಕಂಪನದ ದಿನ ಕಾಯುತ್ತ ಕೂರುವುದಕ್ಕಿಂತ ಗೋಡೆಯನ್ನು ಗಟ್ಟಿ ಮಾಡಿಕೊಳ್ಳುವುದೇ ನಮ್ಮ ಕೈಯಲ್ಲಿರುವ ಕೆಲಸ.

ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಸ್ವಾಮಿ. ಬಸವ ವಸತಿ, ಪ್ರಧಾನಮಂತ್ರಿ ಆವಾಸ್ ಮನೆಗಳಿಗೆ ಹಣ ಕಂತುಕಂತಾಗಿ ಬರುತ್ತದೆ: ಬುನಾದಿಗೆ, ಲಿಂಟಲ್‌ಗೆ, ಛಾವಣಿಗೆ. ಪ್ರತಿ ಹಂತಕ್ಕೂ ಪಂಚಾಯಿತಿಯವರು ಬಂದು ಜಿಪಿಎಸ್ ಫೋಟೊ ತೆಗೆಯುತ್ತಾರೆ. ಲಿಂಟಲ್ ಹಂತದ ಆ ಫೋಟೊದಲ್ಲಿ ಒಂದೇ ಒಂದು ಸಂಗತಿ ನೋಡುವಂತೆ ಆದೇಶಿಸಿ. ಬಾಗಿಲು ಕಿಟಕಿಯ ಮೇಲೆ ಮಾತ್ರ ಲಿಂಟಲ್ ಇದೆಯೋ, ಅಥವಾ ನಾಲ್ಕೂ ಗೋಡೆಗಳ ಮೇಲೆ ತುಂಡಾಗದೆ ಸುತ್ತು ಹೊಡೆದ ಕಾಂಕ್ರೀಟ್ ಪಟ್ಟಿ ಇದೆಯೋ? ಮೂರು ಇಂಚು ದಪ್ಪ, ಒಳಗೆ ಎರಡು ಸರಳು, ಮೂಲೆಯಲ್ಲಿ ಸರಳು ಬಾಗಿಸಿ ಕಟ್ಟಿರಬೇಕು. ಮನೆಯನ್ನು ನಡುವಿನಲ್ಲಿ ಬಿಗಿದು ಹಿಡಿಯುವ ಈ ಪಟ್ಟಿ ಕಿಲ್ಲಾರಿಯ ಮನೆಗಳಲ್ಲಿ ಇರಲಿಲ್ಲ. ಭೂಕಂಪ ಆದ ವರ್ಷವೇ, ಅಂದರೆ 1993ರಲ್ಲೇ, ಭಾರತೀಯ ಮಾನಕ ಬ್ಯೂರೋ ಕಲ್ಲುಮಣ್ಣಿನ ಕಟ್ಟಡಗಳಿಗೆಂದು ನಿಯಮಗಳನ್ನು ಪ್ರಕಟಿಸಿದೆ. ಗೋಡೆಯ ಎರಡು ಸಾಲನ್ನು ಹಿಡಿಯುವ ಉದ್ದಗಲ್ಲು ಎತ್ತರದಲ್ಲಿ ಎರಡು ಅಡಿಗೊಂದು, ಅಡ್ಡಕ್ಕೆ ನಾಲ್ಕು ಅಡಿಗೊಂದು ಇರಬೇಕು ಎನ್ನುವಷ್ಟು ಸರಳ ನಿಯಮಗಳು ಅವು. ಆದರೆ ಮನೆ ಕಟ್ಟುವುದು ನಮ್ಮ ಗೌಂಡಿಗಳು. ಆ ನಿಯಮಗಳನ್ನು ಅವರ ಕೈಗೆ ಕನ್ನಡದಲ್ಲೂ ಮರಾಠಿಯಲ್ಲೂ ತಲುಪಿಸಬೇಕು. ಹೋಬಳಿಗೊಂದು ಗೋಡೆಯನ್ನು ಅವರಿಂದಲೇ ಕಟ್ಟಿಸಿ ತೋರಿಸಿದರೆ ಇನ್ನೂ ಒಳ್ಳೆಯದು.

ಹಳೆಯ ಮಾಳಿಗೆ ಮನೆಗಳ ವಿಚಾರ ಕಷ್ಟದ್ದು. ಕೆಡವಿ ಕಟ್ಟಲು ಬಡವರ ಕೈಯಲ್ಲಿ ದುಡ್ಡಿಲ್ಲ. ಮಹಾರಾಷ್ಟ್ರ ಸರ್ಕಾರ ಆಗ ವಿಶ್ವಬ್ಯಾಂಕಿನ ನೆರವಿನಿಂದ ಕೆಲವು ಊರುಗಳನ್ನೇ ಬೇರೆ ಕಡೆ ಕಟ್ಟಿತು, ಉಳಿದ ಕಡೆ ಇದ್ದ ಮನೆಗಳನ್ನು ದುರಸ್ತಿ ಮಾಡಿ ಬಲಪಡಿಸಲು ನೆರವು ಕೊಟ್ಟಿತು. ಆ ಎರಡನೆಯ ದಾರಿ ನಮಗೂ ಸಾಧ್ಯ. ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸುವುದು, ಗೋಡೆಗೆ ತೂತು ಕೊರೆದು ಸರಳಿಟ್ಟು ಕಾಂಕ್ರೀಟ್ ತುಂಬುವುದು, ಮೂಲೆಗಳನ್ನು ಬಿಗಿ ಮಾಡುವುದು ಊರ ಮಟ್ಟದಲ್ಲೇ ಆಗುವ ಕೆಲಸಗಳು. ಮೊದಲು ಎಲ್ಲೆಲ್ಲಿ ಇಂಥ ಮನೆಗಳಲ್ಲಿ ಜನ ಮಲಗುತ್ತಿದ್ದಾರೆ ಎಂಬ ಪಟ್ಟಿ ಬೇಕು.

ಆ ಪಟ್ಟಿಯನ್ನು ಸಾಯಗಾಂವ ಹೋಬಳಿಯಿಂದ ಶುರು ಮಾಡಿಸಿ, ಔರಾದ್ ಮತ್ತು ಬಸವಕಲ್ಯಾಣದ ಗಡಿ ಊರುಗಳಿಗೂ ವಿಸ್ತರಿಸಬೇಕೆಂದು ಕೈಮುಗಿದು ಕೇಳುತ್ತೇನೆ. ಅಂಗನವಾಡಿ ಮತ್ತು ಹಳೆಯ ಶಾಲಾ ಕೋಣೆಗಳನ್ನು ಮೊದಲು ನೋಡಿಸಿ. ಲಿಂಟಲ್ ಪಟ್ಟಿಯ ಆದೇಶಕ್ಕೆ ಮಾತ್ರ ಸಮೀಕ್ಷೆಯನ್ನು ಕಾಯಬೇಡಿ, ಮುಂದಿನ ಕಂತು ಬಿಡುಗಡೆಯಾಗುವ ಮೊದಲೇ ಅದು ಎಲ್ಲ ಪಿಡಿಒಗಳ ಕೈ ಸೇರಲಿ.

ಇಂತಿ,
ಸಾಯಗಾಂವದ ಒಬ್ಬ ನಿವಾಸಿ