ಬಸ್ಸು ಮೊದಲು ಊರಿನವರದ್ದು

ಕೈ ಅಡ್ಡ ಹಿಡಿದರೂ ನಿಲ್ಲದೆ ಹೋಗುವ ಬಸ್ಸು ಹೇಗಿರುತ್ತದೆ ಅಂತ ಇದನ್ನು ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ಊರಲ್ಲೇ ತುಂಬಿರುತ್ತದೆ. ಡ್ರೈವರ್ ‘ಜಾಗ ಇಲ್ಲ’ ಅಂತ ಕೈ ಆಡಿಸಿ ಹೋಗಿಬಿಡುತ್ತಾರೆ. ಕಾಲೇಜಿಗೆ ಹೊರಟವರು, ಆಸ್ಪತ್ರೆಗೆ ಹೊರಟವರು ಧೂಳು ಕುಡಿದು ಅಲ್ಲೇ ನಿಲ್ಲುತ್ತಾರೆ.

ಸ್ಪೇನ್ ದೇಶದ ಬಾರ್ಸಿಲೋನಾದಲ್ಲೂ ಇದೇ ಕಥೆ. ಸಮುದ್ರದ ದಂಡೆಯ ದೊಡ್ಡ ಶಹರ ಅದು. ಅಲ್ಲಿ ಗುಡ್ಡದ ಮೇಲೆ ಲಾ ಸಲೂತ್ ಅಂತ ಒಂದು ಬಡಾವಣೆ. ಕಡಿದಾದ ಏರು ಬೀದಿಗಳು. ಅಲ್ಲಿಯ ವಯಸ್ಸಾದವರಿಗೆ ಆಸರೆಯಾಗಿದ್ದದ್ದು 116ನೇ ನಂಬರಿನ ಪುಟ್ಟ ಬಸ್ಸು. ತೊಂದರೆ ಏನೆಂದರೆ, ಅದೇ ದಾರಿಯಲ್ಲಿ ಗೌದಿ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯ ಪಾರ್ಕ್ ಗ್ವೆಲ್ ಉದ್ಯಾನವೂ ಇದೆ. ಉದ್ಯಾನಕ್ಕೆ ಹೇಗೆ ಹೋಗುವುದು ಅಂತ ಕೇಳಿದವರಿಗೆಲ್ಲ ಫೋನಿನ ಮ್ಯಾಪು ‘116 ಹತ್ತಿ’ ಅನ್ನುತ್ತಿತ್ತು. ಪ್ರಪಂಚವೆಲ್ಲ ಬಂದು ಆ ಪುಟ್ಟ ಬಸ್ಸು ಹತ್ತಿತು. ಸಂತೆಚೀಲ ಹಿಡಿದ ಅಜ್ಜಿಗೆ ಕಾಲಿಡಲೂ ಜಾಗ ಇಲ್ಲದಾಯಿತು.

ಬಡಾವಣೆಯವರು ವರ್ಷಗಟ್ಟಲೆ ದೂರು ಕೊಟ್ಟರು. ಕೊನೆಗೆ 2024ರಲ್ಲಿ ನಗರಾಡಳಿತ ಒಂದು ಉಪಾಯ ಮಾಡಿತು. ಆ ಬಸ್ಸಿನ ದಾರಿಯನ್ನೇ ಗೂಗಲ್ ಮ್ಯಾಪಿನಿಂದ ತೆಗೆಸಿಹಾಕಿತು. ಬಸ್ಸು ಎಂದಿನಂತೆ ಓಡುತ್ತಲೇ ಇತ್ತು, ಮ್ಯಾಪಿನಲ್ಲಿ ಮಾತ್ರ ಇರಲಿಲ್ಲ. ಊರಿನವರಿಗೆ ದಾರಿ ಮೊದಲೇ ಗೊತ್ತು, ಮ್ಯಾಪು ಬೇಕಿಲ್ಲ. ಅವರಿಗೆ ಮತ್ತೆ ಸೀಟು ಸಿಕ್ಕಿತು.

ಮೊದಲ ಸಲ ಇದನ್ನು ಓದಿದಾಗ ನಮಗೆ ನಗು ಬಂತು. ಆಮೇಲೆ ಸಿಟ್ಟು ಬಂತು. ತಮ್ಮದೇ ಊರಿನ ಬಸ್ಸು ಹತ್ತಲು ಆ ಬಸ್ಸನ್ನೇ ಬಚ್ಚಿಡಬೇಕಾದ ಗತಿ ಬಂತಲ್ಲ ಅಂತ.

ನಾವು ಯೂರೋಪಿಗೆ ಹೋದವರಲ್ಲ. ಆದರೆ ತುಂಬಿದ ಬಸ್ಸನ್ನು ಬಲ್ಲವರು. ಆ ಅನುಭವ ಸಾಕು ಅಂತ ಧೈರ್ಯ ಮಾಡಿ ಬರೆಯುತ್ತಿದ್ದೇವೆ. ಯಾಕೆಂದರೆ ಈಗ ನಮ್ಮ ಹಳ್ಳಿಗಳ ಫೋನಿನಲ್ಲೂ ‘ಕಡಿಮೆ ಖರ್ಚಿನಲ್ಲಿ ಯೂರೋಪು’ ಎಂಬ ವಿಡಿಯೊಗಳು ಬರುತ್ತವೆ. ಕನ್ನಡದಲ್ಲೇ ಬರುತ್ತವೆ. ಇಟಲಿ, ಸ್ಪೇನ್, ಪೋರ್ಚುಗಲ್‌ಗಳ ಕಡಲತೀರದ ಊರುಗಳಲ್ಲಿ ಟ್ಯಾಕ್ಸಿ ಬೇಡ, ಊರಿನವರು ಹತ್ತುವ ಬಸ್ಸು, ರೈಲು, ದೋಣಿ ಹತ್ತಿ, ದುಡ್ಡು ಉಳಿಸಿ, ಅವರ ಹಾಗೇ ಬದುಕಿ ನೋಡಿ ಅನ್ನುತ್ತವೆ. ಕಿಟಕಿಯಾಚೆ ನೀಲಿ ಸಮುದ್ರ ತೋರಿಸುತ್ತಾರೆ. ಹತ್ತಲಾಗದೆ ಸ್ಟಾಪಿನಲ್ಲಿ ಉಳಿದವರನ್ನು ಯಾರೂ ತೋರಿಸುವುದಿಲ್ಲ.

ನಮ್ಮ ವಾದ ಇಷ್ಟೇ. ಸರ್ಕಾರಿ ಬಸ್ಸು, ರೈಲು ಇರುವುದು ಮೊದಲು ಅಲ್ಲಿ ಬದುಕುವವರಿಗೆ. ನೋಡಲು ಬಂದವರು ಹತ್ತಬಹುದು, ಹತ್ತಲೇಬೇಕು. ಆದರೆ ಹೆಚ್ಚು ದುಡ್ಡು ಕೊಟ್ಟು, ಎರಡನೆಯವರಾಗಿ ಹತ್ತಬೇಕು. ಆ ದುಡ್ಡಿನಲ್ಲಿ ಇನ್ನೊಂದು ಬಸ್ಸು ಬರಬೇಕು. ಇದನ್ನು ಮಾಡದೆ ‘ನಮ್ಮೂರಿಗೆ ಬನ್ನಿ’ ಅಂತ ಜಾಹೀರಾತು ಕೊಡುವ ಆಡಳಿತ ಒಂದೇ ಸೀಟನ್ನು ಇಬ್ಬರಿಗೆ ಮಾರಿದ ಹಾಗೆ.

ಕಡಲತೀರದಲ್ಲಿ ಈ ಕಷ್ಟ ಯಾಕೆ ಹೆಚ್ಚು? ಅಲ್ಲಿಯ ನೆಲ ನೋಡಿದರೆ ತಿಳಿಯುತ್ತದೆ. ಇಟಲಿಯ ಲಿಗೂರಿಯಾ ತೀರದಲ್ಲಿ ಚಿಂಕ್ವೆ ತೆರ್ರೆ ಅಂತ ಐದು ಹಳ್ಳಿಗಳಿವೆ. ಹಿಂದೆ ಕಡಿದಾದ ಬೆಟ್ಟ, ಮುಂದೆ ಸಮುದ್ರ. ಬೆಟ್ಟದ ಮೈಗೆ ಗಾರೆಯಿಲ್ಲದ ಕಲ್ಲುಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಬೆಳೆಯುವ ರೈತರ ಊರುಗಳು. 1870ರ ದಶಕದಲ್ಲಿ ಬೆಟ್ಟ ಕೊರೆದು ರೈಲು ತಂದರು. ಇವತ್ತಿಗೂ ಆ ರೈಲೇ ಅವರ ಮುಖ್ಯ ದಾರಿ. ಐದೂ ಹಳ್ಳಿ ಸೇರಿದರೆ 4 ಸಾವಿರ ಜನ ಆಗುವುದಿಲ್ಲ. 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಈ ಊರುಗಳನ್ನು ನೋಡಲು ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಇರುವುದು ಒಂದೇ ರೈಲುದಾರಿ. ಶಾಲೆಗೆ ಹೋಗುವ ಮಗುವೂ ಅದರಲ್ಲೇ, ಫೋಟೊಗೆ ಬಂದವರೂ ಅದರಲ್ಲೇ.

ಹಾಗಾದರೆ ಬಾಡಿಗೆ ಕಾರು ಮಾಡಿಕೊಂಡು ಹೋಗಬೇಕೇ ಅಂತ ನೀವು ಕೇಳಬಹುದು. ಖಂಡಿತ ಬೇಡ. ನೇಪಲ್ಸ್‌ನ ಕೆಳಗಿನ ಅಮಾಲ್ಫಿ ತೀರ ನೋಡಿ. ಅಲ್ಲಿ ರೈಲಿಲ್ಲ. ಬಂಡೆ ಕಡಿದು ಮಾಡಿದ ಒಂದೇ ಇಕ್ಕಟ್ಟಾದ ರಸ್ತೆ, ಘಾಟಿಯ ಹಾಗೆ ತಿರುವು. ಎದುರಿಂದ ಬಸ್ಸು ಬಂದರೆ ಕಾರು ಹಿಂದಕ್ಕೆ ಸರಿಯಬೇಕು. 2022ರಿಂದ ಬೇಸಿಗೆಯ ಜನಜಂಗುಳಿಯ ದಿನಗಳಲ್ಲಿ ಸಮ ನಂಬರಿನ ಕಾರುಗಳಿಗೆ ಒಂದು ದಿನ, ಬೆಸ ನಂಬರಿನವಕ್ಕೆ ಒಂದು ದಿನ ಅಂತ ನಿಯಮ ಮಾಡಿದ್ದಾರೆ. ಆ ತೀರದ ಊರಿನವರಿಗೂ ಬಸ್ಸುಗಳಿಗೂ ಆ ನಿಯಮ ಇಲ್ಲ. ಇದು ಸರಿಯಾದ ಕ್ರಮ. ನಾಲ್ಕು ಜನರ ಕಾರು ಐವತ್ತು ಜನರ ಬಸ್ಸನ್ನು ತಡೆದು ನಿಲ್ಲಿಸುವುದಕ್ಕಿಂತ ದೊಡ್ಡ ಅನ್ಯಾಯ ಆ ರಸ್ತೆಯಲ್ಲಿ ಬೇರೆ ಇಲ್ಲ. ಹಾಗಾಗಿ ಬಸ್ಸು ಬಿಟ್ಟು ಕಾರು ಹತ್ತಿ ಅಂತ ನಾವು ಹೇಳುತ್ತಿಲ್ಲ. ಬಸ್ಸಿನಲ್ಲಿ ಯಾರ ಪಾಲು ಎಷ್ಟು ಅಂತ ಕೇಳುತ್ತಿದ್ದೇವೆ.

ಈಗ ದರದ ಮಾತು. ವೆನಿಸ್ ನಗರದಲ್ಲಿ ರಸ್ತೆಯ ಜಾಗದಲ್ಲಿ ನೀರಿದೆ. ಅಲ್ಲಿ ವಪೊರೆತ್ತೊ ಎಂಬ ದೋಣಿಯೇ ಸಿಟಿ ಬಸ್ಸು. ಹೊರಗಿನವರು 75 ನಿಮಿಷದ ಒಂದು ಟಿಕೆಟಿಗೆ 9.50 ಯೂರೋ ಕೊಡಬೇಕು. ಊರಿನ ಕಾರ್ಡು ಇದ್ದವರಿಗೆ ಅದರಲ್ಲಿ ಒಂದು ಚಿಕ್ಕ ಪಾಲು ಮಾತ್ರ. ಮಾಲ್ಟಾ ದ್ವೀಪದೇಶದಲ್ಲಿ ರೈಲೇ ಇಲ್ಲ, ಎಲ್ಲಕ್ಕೂ ಬಸ್ಸು. 2022ರ ಅಕ್ಟೋಬರಿನಿಂದ ಅಲ್ಲಿಯ ನಿವಾಸಿಗಳು ತಮ್ಮ ಹೆಸರಿನ ಕಾರ್ಡು ತೋರಿಸಿ ಪುಕ್ಕಟೆ ಓಡಾಡುತ್ತಾರೆ. ಪ್ರವಾಸಿಗರು ಟಿಕೆಟ್ ಕೊಳ್ಳಬೇಕು. ಚಿಂಕ್ವೆ ತೆರ್ರೆಯ ರೈಲಿನಲ್ಲೂ 2024ರಿಂದ ಪ್ರವಾಸಿಗರ ಒಂದು ಟಿಕೆಟಿನ ದರ ಜನಸಂದಣಿಯ ದಿನಗಳಲ್ಲಿ 10 ಯೂರೋವರೆಗೂ ಏರುತ್ತದೆ.

ಇದನ್ನು ಕಂಡ ಕೆಲವರು ‘ಒಂದೇ ಸೀಟಿಗೆ ಎರಡು ದರ, ಇದು ಲೂಟಿ’ ಅಂತ ವಿಡಿಯೊ ಮಾಡುತ್ತಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಸಾಮಾನ್ಯವಾಗಿ ಯಾವ ಊರಿನ ಬಸ್ಸೂ ಬರೀ ಟಿಕೆಟಿನ ದುಡ್ಡಿನಲ್ಲಿ ಓಡುವುದಿಲ್ಲ. ಉಳಿದದ್ದನ್ನು ಜನರ ತೆರಿಗೆ ತುಂಬುತ್ತದೆ. ಮಳೆಗಾಲ ಚಳಿಗಾಲ ಎನ್ನದೆ ವರ್ಷವಿಡೀ ಆ ಬಸ್ಸನ್ನು ಸಾಕುವವರು ಅಲ್ಲಿಯವರು. ನಾಲ್ಕು ದಿನ ಬಂದು ಹೋಗುವವರು ಅವರಷ್ಟೇ ದರ ಕೇಳುವುದು ಯಾವ ನ್ಯಾಯ? ನಮ್ಮಲ್ಲೂ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದ ಹೆಣ್ಣುಮಕ್ಕಳಿಗೆ ಮಾತ್ರ ಉಚಿತ ಪ್ರಯಾಣ. ಹೊರರಾಜ್ಯದವರು ಟಿಕೆಟ್ ತೆಗೆದುಕೊಳ್ಳಬೇಕು. ಅದನ್ನು ನಾವ್ಯಾರೂ ಲೂಟಿ ಅನ್ನಲಿಲ್ಲ. ಇನ್ನು ಶಕ್ತಿ ಯೋಜನೆಯನ್ನು ‘ಬಿಟ್ಟಿ ಭಾಗ್ಯ’ ಅಂತ ಆಡಿಕೊಳ್ಳುವವರು, ಮಾಲ್ಟಾದಂಥ ಮುಂದುವರಿದ ದೇಶವೂ ತನ್ನ ಜನರನ್ನು ಪುಕ್ಕಟೆ ಕೂರಿಸಿಕೊಂಡು ಹೋಗುತ್ತಿದೆ ಎಂಬುದನ್ನು ಒಮ್ಮೆ ನೋಡಲಿ.

ಆದರೆ ದರ ಏರಿಸಿದರೆ ಮುಗಿಯಿತು ಅಂತ ತಿಳಿಯುವುದೂ ತಪ್ಪೇ. ವೆನಿಸ್ಸೇ ಅದಕ್ಕೆ ಸಾಕ್ಷಿ. 1951ರಲ್ಲಿ ಆ ಹಳೇ ಪಟ್ಟಣದಲ್ಲಿ ಸುಮಾರು 1 ಲಕ್ಷ 75 ಸಾವಿರ ಜನ ಇದ್ದರು. 2022ರ ಹೊತ್ತಿಗೆ 50 ಸಾವಿರಕ್ಕೂ ಕಡಿಮೆಯಾದರು. 2024ರ ಏಪ್ರಿಲ್ 25ರಿಂದ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಕೆಲವು ದಿನಗಳಲ್ಲಿ 5 ಯೂರೋ ಪ್ರವೇಶ ಶುಲ್ಕವನ್ನೂ ಹಾಕಿದರು. ಶುಲ್ಕ ಬಂತು, ಊರು ಬಿಟ್ಟವರು ಬರಲಿಲ್ಲ. ಬಾಡಿಗೆಗೆ ಸಿಗುತ್ತಿದ್ದ ಮನೆಗಳೆಲ್ಲ ಪ್ರವಾಸಿಗರ ತಂಗುದಾಣಗಳಾದರೆ ದೋಣಿಯಲ್ಲಿ ಕಾದಿಟ್ಟ ಸೀಟಿನಲ್ಲಿ ಕೂರುವವರು ಯಾರು? ಬಾರ್ಸಿಲೋನಾ ಇದನ್ನು ಅರ್ಥ ಮಾಡಿಕೊಂಡ ಹಾಗೆ ಕಾಣುತ್ತದೆ. ಪ್ರವಾಸಿಗರಿಗೆ ಬಾಡಿಗೆ ಕೊಡಲು ಪರವಾನಗಿ ಪಡೆದ ಅಲ್ಲಿಯ 10,101 ಮನೆಗಳ ಪರವಾನಗಿಯನ್ನು 2028ರೊಳಗೆ ನಿಲ್ಲಿಸುತ್ತೇವೆ ಎಂದು ಅಲ್ಲಿಯ ಮೇಯರ್ 2024ರಲ್ಲಿ ಘೋಷಿಸಿದರು. ಬಸ್ಸಿನ ಸೀಟು, ಬಾಡಿಗೆ ಮನೆ ಎರಡೂ ಒಂದೇ ಜಗಳದ ಎರಡು ಮುಖ.

ನಿಜವಾದ ಕೆಲಸ ಎಲ್ಲಿ ಆಗಿದೆ ಅಂತ ನೋಡಿದರೆ ಪೋರ್ಚುಗಲ್‌ನ ಲಿಸ್ಬನ್ನು ಕಣ್ಣಿಗೆ ಬೀಳುತ್ತದೆ. ಅಲ್ಲಿಯ 28ನೇ ನಂಬರಿನ ಹಳದಿ ಟ್ರಾಮು ಎಲ್ಲರ ರೀಲ್ಸಿನಲ್ಲೂ ಬರುತ್ತದೆ. ಹಳೇ ಓಣಿಗಳಲ್ಲಿ ಏರಿಳಿದು ಹೋಗುವ ಆ ಟ್ರಾಮಿಗೆ ಪ್ರವಾಸಿಗರ ಸಾಲು ಮಾರುದ್ದ. ಆ ಓಣಿಯವರು ಅದರ ಆಸೆ ಬಿಟ್ಟು ಏರು ಹತ್ತಿ ನಡೆಯುತ್ತಾರೆ. ಆದರೆ ಅದೇ ಲಿಸ್ಬನ್ 2019ರ ಏಪ್ರಿಲಿನಲ್ಲಿ ಮಾಡಿದ ಕೆಲಸ ಯಾವ ರೀಲ್ಸಿನಲ್ಲೂ ಇಲ್ಲ. ಸುತ್ತಲಿನ 18 ಪುರಸಭೆಗಳ ವ್ಯಾಪ್ತಿಗೆಲ್ಲ ಒಂದೇ ಪಾಸು, ತಿಂಗಳಿಗೆ 40 ಯೂರೋ. ಬಸ್ಸು, ಮೆಟ್ರೊ, ತೀರದ ರೈಲು, ನದಿ ದಾಟುವ ದೋಣಿ, ಎಲ್ಲಕ್ಕೂ ಅದೇ. ಅದಕ್ಕೆ ಮೊದಲು ದೂರದಿಂದ ಬರುವ ಕೂಲಿಕಾರರು ಬೇರೆ ಬೇರೆ ಪಾಸು ಮಾಡಿಸಿ 100 ಯೂರೋ ದಾಟಿ ಖರ್ಚು ಮಾಡುತ್ತಿದ್ದರು.

ಸ್ಪೇನ್ ಕೂಡ 2022ರ ಸೆಪ್ಟೆಂಬರಿನಿಂದ ಸುತ್ತಮುತ್ತಲ ಊರಿನ ರೈಲುಗಳಲ್ಲಿ ದಿನವೂ ಓಡಾಡುವವರಿಗೆ ಉಚಿತ ಪಾಸು ಕೊಟ್ಟಿತು. ಅದರಲ್ಲಿ ಒಂದು ಜಾಣತನ ಇತ್ತು. 10 ಯೂರೋ ಠೇವಣಿ ಇಡಬೇಕು. ನಾಲ್ಕು ತಿಂಗಳಲ್ಲಿ 16 ಸಲವಾದರೂ ಪ್ರಯಾಣ ಮಾಡಿದರೆ ಆ ದುಡ್ಡು ವಾಪಸ್ಸು. ದಿನಾ ಕೆಲಸಕ್ಕೆ ಹೋಗುವವರಿಗೆ 16 ಸಲ ಯಾವ ಲೆಕ್ಕ? ನಾಲ್ಕು ದಿನಕ್ಕೆ ಬಂದವರಿಗೆ ಅದು ದೂರದ ಮಾತು. ಬಾರ್ಸಿಲೋನಾದಿಂದ ಮತಾರೊಗೆ ಮರಳದಂಡೆಯ ಪಕ್ಕದಲ್ಲೇ ಹೋಗುವ, 1848ರಲ್ಲಿ ಶುರುವಾದ ಹಳೇ ರೈಲುದಾರಿಗೂ ಆ ಪಾಸು ನಡೆಯುತ್ತಿತ್ತು. 2025ರ ಮಧ್ಯದಲ್ಲಿ ಉಚಿತ ನಿಂತು ರಿಯಾಯಿತಿ ಬಂತು. ಆದರೂ ಊರಿನವರು ಯಾರು, ಬಂದು ಹೋಗುವವರು ಯಾರು ಅಂತ ಯಾರ ಮುಖವನ್ನೂ ನೋಡದೆ ಬೇರ್ಪಡಿಸುವ ದಾರಿ ಇದೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಇಷ್ಟೆಲ್ಲ ಹೇಳಿದ್ದಕ್ಕೆ ಪ್ರವಾಸಿಗರ ಮೇಲೆ ನಮಗೆ ಹಗೆ ಅಂತ ತಿಳಿಯಬೇಡಿ. 2025ರ ಸೆಪ್ಟೆಂಬರ್ 3ರಂದು ಲಿಸ್ಬನ್ನಿನಲ್ಲಿ ಗ್ಲೋರಿಯಾ ಎಂಬ ಏರುದಾರಿಯ ಟ್ರಾಮು ಹಗ್ಗ ಕಳಚಿಕೊಂಡು ಇಳಿಜಾರಿನಲ್ಲಿ ಉರುಳಿ 16 ಜನ ಸತ್ತರು. 1885ರಲ್ಲಿ ಶುರುವಾದ ದಾರಿ ಅದು. ಸತ್ತವರಲ್ಲಿ ವಿದೇಶಿ ಪ್ರವಾಸಿಗರಿದ್ದರು, ಆ ಊರಿನ ದುಡಿಯುವ ಜನರಿದ್ದರು, ಟ್ರಾಮಿನ ಬ್ರೇಕು ಹಿಡಿದಿದ್ದ ನೌಕರನೂ ಇದ್ದ. ಹಗ್ಗ ಕಳಚಿದಾಗ ಊರಿನವರು, ಹೊರಗಿನವರು ಅಂತ ಭೇದ ಇರಲಿಲ್ಲ. ಬಂಡಿಯನ್ನು ಗಟ್ಟಿಯಾಗಿ ಇಟ್ಟುಕೊಳ್ಳುವುದು, ಸಾಕಷ್ಟು ಇಡುವುದು ಇಬ್ಬರಿಗೂ ಬೇಕು. ನಮ್ಮ ಜಗಳ ಬಂದವರ ಜೊತೆಗಲ್ಲ. ಬಂದವರ ತಲೆ ಎಣಿಸಿ ಸಂತೋಷಪಟ್ಟು, ಬಸ್ಸುಗಳನ್ನು ಎಣಿಸಲು ಮರೆಯುವ ಆಡಳಿತದ ಜೊತೆ.

ಹಾಗಂತ ಹೋಗುವವರಿಗೆ ಏನೂ ಜವಾಬ್ದಾರಿ ಇಲ್ಲವೆಂದೂ ಅಲ್ಲ. ನಮ್ಮೂರುಗಳಿಂದ ಓದಲು, ದುಡಿಯಲು ಹೋದ ಮಕ್ಕಳು ಇಂದು ಯೂರೋಪಿನಲ್ಲಿದ್ದಾರೆ. ರಜೆಗೆ ಈ ಕಡಲತೀರಗಳಿಗೆ ಹೋಗುತ್ತಾರೆ. ಅವರಿಗೆ ಇಷ್ಟು ಹೇಳಿ. ಶಾಲೆಗೆ, ಕೆಲಸಕ್ಕೆ ಹೋಗುವ ಹೊತ್ತಿನ ಬಸ್ಸು ಬಿಟ್ಟು ಮುಂದಿನದು ಹತ್ತಿ. ನಡೆಯುವ ಶಕ್ತಿ ಇದ್ದರೆ ಪಾರ್ಕ್ ಗ್ವೆಲ್‌ಗೆ ಮೆಟ್ರೊ ಇಳಿದು ಏರು ಹತ್ತಿ ಹೋಗಿ. ದಿನಕ್ಕೆ ಮೂರು ಊರು ಸುತ್ತುವ ಬದಲು ಒಂದೂರಲ್ಲಿ ಮೂರು ದಿನ ಇರಿ. ಪ್ರವಾಸಿ ದರ ಕೊಡುವಾಗ ಗೊಣಗಬೇಡಿ. ವಯಸ್ಸಾದವರು ಹತ್ತಿದರೆ ಎದ್ದು ನಿಲ್ಲಿ. ಇದು ನಾವು ಹೊಸದಾಗಿ ಕಲಿಸಬೇಕಾದ ಪಾಠ ಅಲ್ಲ, ಜಾತ್ರೆಯ ಬಸ್ಸಿನಲ್ಲಿ ಅಪ್ಪ ಅಮ್ಮ ಕಲಿಸಿದ್ದೇ.

ಇನ್ನು ನಮ್ಮ ಪಾಲಿನ ಕೆಲಸ. ನಮಗೂ ಕಡಲಿದೆ. ಗೋಕರ್ಣ, ಮುರ್ಡೇಶ್ವರ, ಮಲ್ಪೆ ಈಗಾಗಲೇ ಎಲ್ಲರ ಫೋನಿನಲ್ಲಿವೆ. ನಾಳೆ ನಿಮ್ಮೂರಿನ ಜಲಪಾತವೋ ಬೆಟ್ಟವೋ ಒಂದು ರೀಲ್ಸಿನಿಂದ ಹೆಸರಾಗಬಹುದು. ಆಗ ಊರಿಗೆ ಫಲಕ ಬರುತ್ತದೆ, ಸೆಲ್ಫಿ ಜಾಗ ಬರುತ್ತದೆ, ಉದ್ಘಾಟನೆಗೆ ಗಣ್ಯರು ಬರುತ್ತಾರೆ. ಅವರು ಮೈಕು ಹಿಡಿದಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಬೆಳಗಿನ ಬಸ್ಸು ಒಂದೇ ಇರುತ್ತದೋ, ಎರಡಾಗುತ್ತದೋ? ಉತ್ತರ ಕೊಡುವ ತನಕ ಚಪ್ಪಾಳೆ ಹೊಡೆಯಬೇಡಿ.