ಮೋಟಾರಿನ ವಂಶಾವಳಿ

೧೯೯೦ರಲ್ಲಿ ಲಂಡನ್ನಿನ ಹೈಕೋರ್ಟಿನ ಮುಂದೆ ವಿಚಿತ್ರವಾದ ವ್ಯಾಜ್ಯವೊಂದು ಬಂದಿತು. ವಿವಾದದ ವಸ್ತು ಹೊಲವಲ್ಲ, ಮನೆಯಲ್ಲ, ಉಯಿಲೂ ಅಲ್ಲ. ಹಳೆಯದೊಂದು ಬೆಂಟ್ಲಿ ಮೋಟಾರು ಕಾರು. ಅದರ ಒಡೆಯನು ಒಂದು ಕೋಟಿ ಪೌಂಡುಗಳ ಮೌಲ್ಯಕ್ಕೆ ಅದನ್ನು ಒಂದು ಕಂಪನಿಗೆ ಮಾರಲು ಕರಾರು ಮಾಡಿಕೊಂಡಿದ್ದನು. ಕರಾರಾದ ಮೇಲೆ ಕೊಳ್ಳುವವರು ಹಿಂದೆ ಸರಿದರು. ತಮಗೆ ಹೇಳಿದ್ದ ಕಾರು ಇದಲ್ಲವೇ ಅಲ್ಲ, ಹೆಸರೊಂದು ಮಾತ್ರ ಅದರದು, ಮೈಯೆಲ್ಲ ಬೇರೆಯದು ಎಂಬುದು ಅವರ ತಕರಾರು.

ಹೇಳಿದ್ದ ಕಾರು ಸಾಮಾನ್ಯವಾದುದಲ್ಲ. ‘ಓಲ್ಡ್ ನಂಬರ್ ಒನ್’ ಎಂದು ಕೀರ್ತಿ ಪಡೆದ ಆ ಬೆಂಟ್ಲಿ ‘ಸ್ಪೀಡ್ ಸಿಕ್ಸ್’, ಫ್ರಾನ್ಸಿನ ಲ ಮಾನ್ ನಗರದಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ೧೯೨೯ರಲ್ಲೂ ೧೯೩೦ರಲ್ಲೂ ಗೆದ್ದಿತ್ತು. ಎರಡು ಸಲವೂ ಅದರ ಚಾಲಕರಲ್ಲೊಬ್ಬನು ದಕ್ಷಿಣ ಆಫ್ರಿಕದ ವಜ್ರದ ಗಣಿಗಳ ಐಶ್ವರ್ಯಕ್ಕೆ ವಾರಸುದಾರನಾಗಿದ್ದ ವೂಲ್ಫ್ ಬಾರ್ನಾಟೊ. ಆ ಬಳಿಕ ಕಾರನ್ನು ಬಿಚ್ಚಿ, ಎಂಟು ಲೀಟರಿನ ದೊಡ್ಡ ಎಂಜಿನ್ನನ್ನು ಕೂರಿಸಿ, ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಥಕ್ಕೆ ಇಳಿಸಿದರು. ೧೯೩೨ರ ಸೆಪ್ಟೆಂಬರಿನಲ್ಲಿ ಅಲ್ಲಿ ನಡೆದ ಪಂದ್ಯದಲ್ಲಿ ಅದು ಪಥದ ಇಳಿಜಾರು ದಂಡೆಯನ್ನು ದಾಟಿ ಹಾರಿಬಿದ್ದಿತು. ಚಾಲಕ ಕ್ಲೈವ್ ಡನ್ಫಿ ಮಡಿದನು. ಜಖಂಗೊಂಡ ಕಾರನ್ನು ಮತ್ತೆ ಕಟ್ಟಿದರು. ಮುಂದಿನ ದಶಕಗಳಲ್ಲಿ ಮತ್ತೆ ಮತ್ತೆ ಕಟ್ಟಿದರು.

ನ್ಯಾಯಮೂರ್ತಿ ಆಟನ್ ಅವರ ಮುಂದೆ ಕಾರಿನ ಒಂದೊಂದು ಅಂಗವೂ ಸಾಕ್ಷಿಯಾಗಿ ನಿಂತಿತು. ೧೯೨೯ರಲ್ಲಿ ಗೆದ್ದ ಕಾರಿನ ಭಾಗವೆಂದು ಹೇಳಬಹುದಾದುದು ಅದರಲ್ಲಿ ಇಲ್ಲವೆಂಬಷ್ಟು ಕಡಮೆಯಾಗಿತ್ತು. ೧೯೩೦ರ ಕಾರಿನಿಂದ ಉಳಿದದ್ದು ಗೇರುಪೆಟ್ಟಿಗೆಯ ಕವಚ, ಪೆಡಲುಗಳ ದಂಡ, ಸ್ಟಿಯರಿಂಗಿನ ಕಂಬ, ಇಷ್ಟೆ. ಆದರೂ ತೀರ್ಪು ಮಾರಿದವನ ಪರವಾಯಿತು. ಈ ಕಾರು ಯಾವ ಕಾಲದಲ್ಲೂ ಇಲ್ಲವಾಗಿರಲಿಲ್ಲ. ಅದರ ಸ್ಥಾನವನ್ನು ಬೇರೊಂದು ಕಾರು ಬಂದು ಆಕ್ರಮಿಸಿರಲಿಲ್ಲ. ಬದಲಾವಣೆಗಳೆಲ್ಲ ಒಂದೇ ಬಾಳಿನ ಘಟನೆಗಳು. ಆದುದರಿಂದ ಇದೇ ‘ಓಲ್ಡ್ ನಂಬರ್ ಒನ್’ ಎಂದು ನ್ಯಾಯಾಲಯ ನಿರ್ಣಯಿಸಿತು.

ಈ ವಾದವನ್ನು ಓದುವ ನಮ್ಮ ದೇಶದವರಿಗೆ ಭಿಕ್ಷು ನಾಗಸೇನನ ನೆನಪಾಗದೆ ಇರದು. ರಥವೆಂದರೆ ಅಚ್ಚೋ, ಗಾಲಿಯೋ, ನೊಗವೋ ಎಂದು ಅವನು ಯವನರಾಜ ಮಿಲಿಂದನನ್ನು ಕೇಳಿ ಕಕ್ಕಾಬಿಕ್ಕಿಯಾಗಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಭಿಕ್ಷುವಿಗೆ ಅದು ತತ್ತ್ವದ ಪ್ರಶ್ನೆ. ಲಂಡನ್ನಿನ ವಕೀಲರಿಗೆ ಅದೇ ಪ್ರಶ್ನೆ ಒಂದು ಕೋಟಿ ಪೌಂಡಿನದಾಯಿತು.

ಯೂರೋಪು ಅಮೆರಿಕಗಳ ದೊಡ್ಡ ಹರಾಜುಗಳಲ್ಲಿ ಹಳೆಯ ಪಂದ್ಯದ ಕಾರುಗಳಿಗೆ ಬರುವ ಬೆಲೆಯ ಗುಟ್ಟನ್ನು ಹುಡುಕುವವರು ಈ ತೀರ್ಪಿನಿಂದ ಹೊರಡುವುದೇ ಮೇಲು. ಅಲ್ಲಿ ಕಾರಿನ ತಯಾರಿಕೆಯ ಸಂಖ್ಯೆಯನ್ನು ಮೊದಲು ಕೇಳುತ್ತಾರೆಂಬುದು ನಿಜ. ಆದರೆ ಕೆಲವೇ ತಯಾರಾದುವು ಎಂಬುದೊಂದೇ ಹಿರಿಮೆಯಾಗಿದ್ದರೆ, ಯಾರಿಗೂ ಬೇಡವಾಗಿ ಹತ್ತಿಪ್ಪತ್ತಕ್ಕೆ ನಿಂತುಹೋದ ಎಷ್ಟೋ ಕಾರುಗಳು ಇಂದು ರತ್ನಗಳಾಗಬೇಕಾಗಿತ್ತು. ಸಂಖ್ಯೆ ಚಿಕ್ಕದಿದ್ದರೆ ಒಂದು ಅನುಕೂಲವುಂಟು: ಪ್ರತಿಯೊಂದು ಕಾರಿಗೂ ಜಾತಕ ಬರೆಯಬಹುದು.

ಫೆರಾರಿ ‘೨೫೦ ಜಿ.ಟಿ.ಓ.’ ಇದಕ್ಕೆ ಒಳ್ಳೆಯ ದೃಷ್ಟಾಂತ. ೧೯೬೨ರಿಂದ ೧೯೬೪ರವರೆಗೆ ಇಟಲಿಯ ಮಾರನೆಲ್ಲೊದಲ್ಲಿ ತಯಾರಾದುವು ಮೂವತ್ತಾರು ಮಾತ್ರ. ಹೆಸರಿನ ಕೊನೆಯ ಅಕ್ಷರಕ್ಕೆ ‘ಪಂದ್ಯಕ್ಕೆ ಅಂಗೀಕೃತ’ ಎಂದು ಅರ್ಥ. ಆ ವರ್ಗದ ಪಂದ್ಯಗಳಿಗೆ ಇಳಿಯಬೇಕಾದರೆ ನೂರು ಕಾರುಗಳನ್ನಾದರೂ ತಯಾರಿಸಿರಬೇಕೆಂಬ ನಿಯಮವಿತ್ತು. ಇದು ಹೊಸ ಕಾರಲ್ಲ, ತಮ್ಮ ಹಿಂದಿನ ಕಾರಿನ ಸುಧಾರಿತ ರೂಪವೆಂದು ವಾದಿಸಿ ಎಂಜೊ ಫೆರಾರಿ ಆ ನಿಯಮದಿಂದ ನುಣುಚಿಕೊಂಡರು. ಹೀಗೆ ಸಂಖ್ಯೆ ಕಡಮೆಯಾದುದು ಸಂಗ್ರಾಹಕರ ಮೇಲಣ ಪ್ರೀತಿಯಿಂದಲ್ಲ. ಮೂರು ಲೀಟರಿನ, ಹನ್ನೆರಡು ಸಿಲಿಂಡರುಗಳ, ಸುಮಾರು ಮುನ್ನೂರು ಅಶ್ವಶಕ್ತಿಯ ಆ ಕಾರು ಹೊಸದಾಗಿದ್ದಾಗ ಅಮೆರಿಕದಲ್ಲಿ ಅದರ ಬೆಲೆ ಹದಿನೆಂಟು ಸಾವಿರ ಡಾಲರು.

ಆ ಮೂವತ್ತಾರರಲ್ಲಿ ಒಂದರ ಕತೆ ಕೇಳತಕ್ಕದ್ದು. ೧೯೬೨ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಬಳಿಯ ಮೋಂಲೇರಿ ಪಥದಲ್ಲಿ ಅದನ್ನು ಓಡಿಸುತ್ತಿದ್ದವನು ಆನ್ರಿ ಓರೆಯೆ. ೧೯೪೮ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಹಿಮದ ಮೇಲೆ ಜಾರುವ ಸ್ಪರ್ಧೆಗಳಲ್ಲಿ ಚಿನ್ನ ಗೆದ್ದಿದ್ದ ಸಾಹಸಿ. ಅಪಘಾತದಲ್ಲಿ ಅವನು ತೀರಿಕೊಂಡನು. ಕಾರು ಕಾರ್ಖಾನೆಗೆ ಹೋಗಿ ದುರಸ್ತಾಯಿತು. ೧೯೬೫ರಲ್ಲಿ ಇಟಲಿಯ ಶ್ರೀಮಂತ ತರುಣನೊಬ್ಬ ಅದನ್ನು ಕೊಂಡು, ಮನೆಯವರ ಕಣ್ಣಿಗೆ ಬೀಳದಂತೆ ರಾತ್ರಿಯ ಹೊತ್ತಿನಲ್ಲಷ್ಟೆ ಓಡಿಸುತ್ತಿದ್ದನಂತೆ. ಕೊನೆಯುಸಿರಿರುವವರೆಗೂ ಅವನು ಅದನ್ನು ಬಿಟ್ಟುಕೊಡಲಿಲ್ಲ. ೨೦೧೪ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಅದು ಹರಾಜಿಗೆ ಬಂದಾಗ ೩ ಕೋಟಿ ೮೧ ಲಕ್ಷ ಡಾಲರುಗಳಿಗೆ ಹೋಯಿತು. ಒಬ್ಬನ ಸಾವು, ಇನ್ನೊಬ್ಬನ ಸುಮಾರು ಅರ್ಧ ಶತಮಾನದ ಮೋಹ, ಎರಡೂ ಹರಾಜಿನ ಪಟ್ಟಿಯಲ್ಲಿ ಅಚ್ಚಾಗಿದ್ದುವು. ಕಾರು ಎಲ್ಲಿತ್ತು, ಯಾರ ಕೈಯಲ್ಲಿತ್ತು ಎಂಬುದಕ್ಕೆ ನಡುವೆ ಒಂದು ವರ್ಷದ ಕತ್ತಲೂ ಇರಲಿಲ್ಲ. ನಾಲ್ಕು ವರ್ಷಗಳ ಮೇಲೆ ಅದರ ಸೋದರ ಕಾರೊಂದಕ್ಕೆ ೪ ಕೋಟಿ ೮೪ ಲಕ್ಷ ಬಂದಿತು.

ಇಂಥ ಬೆಲೆ ಮೊದಲಿನಿಂದಲೂ ಇತ್ತೆಂದು ಯಾರೂ ಭ್ರಮಿಸಬಾರದು. ಪಂದ್ಯದ ಕಾರು ಸೋಲತೊಡಗಿದರೆ ಅದಕ್ಕಿಂತ ನಿರುಪಯೋಗಿಯಾದ ವಸ್ತು ಬೇರಿಲ್ಲ. ಸಾಮಾನು ಇಡಲು ಜಾಗವಿಲ್ಲ, ಒಳಗೆ ಕುಳಿತರೆ ಸೆಕೆ, ಸದ್ದು. ಇನ್ನೊಂದು ಜಿ.ಟಿ.ಓ. ಅರುವತ್ತರ ದಶಕದಲ್ಲಿ ಅಮೆರಿಕದ ಟೆಕ್ಸಾಸಿನ ಹೈಸ್ಕೂಲೊಂದಕ್ಕೆ ದಾನವಾಗಿ ಹೋಗಿ, ಮಕ್ಕಳು ಮೋಟಾರು ರಿಪೇರಿ ಕಲಿಯುವ ಸಾಧನವಾಗಿತ್ತು. ೧೯೭೨ರಲ್ಲಿ ಶಾಲೆಯವರು ಅದನ್ನು ಆರೂವರೆ ಸಾವಿರ ಡಾಲರಿಗೆ ಮಾರಿದರು. ಕೊಂಡವನು ಒಹಾಯೊದಲ್ಲಿ ಅದನ್ನು ವರ್ಷಗಟ್ಟಲೆ ಬಯಲಿನಲ್ಲೆ ಬಿಟ್ಟಿದ್ದನು. ಮಳೆ ಹಿಮಗಳು ಅದರ ಮೇಲೆ ಸುರಿದುವು. ಎಂಬತ್ತರ ದಶಕದ ಕೊನೆಗೆ, ಎಂಜೊ ಫೆರಾರಿ ತೀರಿಕೊಂಡ ೧೯೮೮ರ ಆಸುಪಾಸಿನಲ್ಲಿ, ಇಂಥ ಕಾರುಗಳ ಬೆಲೆ ಕೋಟಿ ಡಾಲರನ್ನು ದಾಟಿತು. ಐದಾರು ವರ್ಷಗಳಲ್ಲೆ ಬಿದ್ದು ಮೂರನೆಯ ಒಂದು ಪಾಲಿಗೂ ಇಳಿಯಿತು. ಸಾಲ ತಂದು ಕೊಂಡವರ ಪಾಡನ್ನು ಊಹಿಸಿಕೊಳ್ಳಬಹುದು. ವಂಶಾವಳಿ ಎಷ್ಟೇ ಶುದ್ಧವಾಗಿರಲಿ, ಅದನ್ನು ಕೊಳ್ಳುವ ಹಣ ಪೇಟೆಯ ಹಣವೇ ತಾನೆ!

ಇನ್ನು, ಹೆಚ್ಚಿನ ಬೆಲೆಗೆ ಪಂದ್ಯ ಗೆದ್ದಿರಲೇಬೇಕೆ? ಮರ್ಸಿಡಿಸ್ ಕಾರ್ಖಾನೆಯ ‘ಊಲೆನ್‌ಹೌಟ್ ಕೂಪೆ’ ಒಂದು ಪಂದ್ಯದಲ್ಲೂ ಓಡಲಿಲ್ಲ. ರೂಡಾಲ್ಫ್ ಊಲೆನ್‌ಹೌಟ್ ಎಂಬ ಎಂಜಿನಿಯರು ೧೯೫೫ರಲ್ಲಿ ಅಂಥವೆರಡನ್ನು ಸಿದ್ಧಪಡಿಸಿದ್ದನು. ಅದೇ ಜೂನಿನಲ್ಲಿ ಲ ಮಾನಿನ ಪಂದ್ಯದಲ್ಲಿ ಮರ್ಸಿಡಿಸ್ ಕಾರೊಂದು ಪ್ರೇಕ್ಷಕರ ನಡುವೆ ನುಗ್ಗಿ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಕೊನೆಗೆ ಕಂಪನಿ ಪಂದ್ಯಗಳನ್ನೇ ತೊರೆಯಿತು. ಕೂಪೆಗಳು ನಿರುದ್ಯೋಗಿಗಳಾದುವು. ಊಲೆನ್‌ಹೌಟ್ ಒಂದನ್ನು ತನ್ನ ಓಡಾಟಕ್ಕೆ ಬಳಸುತ್ತಿದ್ದನು. ೨೦೨೨ರ ಮೇ ತಿಂಗಳಿನಲ್ಲಿ ಎರಡರಲ್ಲೊಂದನ್ನು ಕಂಪನಿಯೇ ತನ್ನ ಸ್ಟುಟ್‌ಗಾರ್ಟಿನ ವಸ್ತುಸಂಗ್ರಹಾಲಯದಲ್ಲಿ ಆಹ್ವಾನಿತರ ಮುಂದೆ ಹರಾಜಿಗಿಟ್ಟಿತು. ಅದಕ್ಕೆ ಬಂದದ್ದು ೧೩ ಕೋಟಿ ೫೦ ಲಕ್ಷ ಯೂರೊ. ಅದುವರೆಗೆ ಯಾವ ಕಾರೂ ಹರಾಜಿನಲ್ಲಿ ಅಷ್ಟು ಹಣ ಕಂಡಿರಲಿಲ್ಲ. ಹುಟ್ಟಿದ ಮನೆಯಿಂದ ಹೊರಗೆ ಹೋಗದ ಕಾರಿನ ಜಾತಕದಲ್ಲಿ ಸಂದೇಹಕ್ಕೆ ಎಡೆಯೆಲ್ಲಿ?

ಈಚಿನ ಕಾರುಗಳ ನ್ಯಾಯವೇ ಬೇರೆ. ಗಾರ್ಡನ್ ಮರ್ರಿ ರೂಪಿಸಿದ ‘ಮೆಕ್ಲಾರೆನ್ ಎಫ್-ಒನ್’ ಕಾರಿನಲ್ಲಿ ಚಾಲಕನ ಆಸನ ನಡುಮಧ್ಯದಲ್ಲಿದೆ. ಎಂಜಿನ್ನಿನ ಗೂಡಿಗೆ ಕಾವನ್ನು ತಡೆಯಲು ಚಿನ್ನದ ತಗಡನ್ನು ಹೊದಿಸಿದ್ದಾರೆ. ಎಲ್ಲ ಬಗೆಗಳೂ ಸೇರಿ ತಯಾರಾದುವು ನೂರಾಆರು. ೧೯೯೮ರಲ್ಲಿ ಒಂದು ಗಂಟೆಗೆ ೨೪೦ ಮೈಲಿಯ ವೇಗವನ್ನು ಮುಟ್ಟಿತು. ೨೦೨೧ರಲ್ಲಿ ಅಂಥ ಕಾರೊಂದು ೨ ಕೋಟಿ ೪ ಲಕ್ಷ ಡಾಲರಿಗೆ ಮಾರಾಟವಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅದು ಓಡಿದ್ದ ಒಟ್ಟು ದೂರ ೨೪೨ ಮೈಲಿ. ಎಂದರೆ ತನ್ನ ಪೂರ್ಣ ವೇಗದಲ್ಲಿ ಒಂದೇ ಗಂಟೆಯ ಕೆಲಸ! ಓಟಕ್ಕೆಂದು ಹುಟ್ಟಿದ ಯಂತ್ರ ಓಡದೆ ಇದ್ದುದರಿಂದಲೇ ಅಷ್ಟು ಬೆಲೆ ಪಡೆದುದು ಸಂತೋಷಪಡತಕ್ಕ ಸಂಗತಿಯೇನೂ ಅಲ್ಲ. ಕೊಂಡವನು ಒಂದು ಭಾನುವಾರ ಆಸೆಪಟ್ಟು ಓಡಿಸಿದರೆ, ಪ್ರತಿಯೊಂದು ಮೈಲಿಗೂ ತನ್ನ ಆಸ್ತಿಯನ್ನು ತಾನೇ ಕರಗಿಸಿದಂತೆ.

ಇದರಿಂದ ಸಂಗ್ರಾಹಕರ ವ್ಯವಹಾರದಲ್ಲಿ ಒಂದು ಹೊಸ ಮಡಿ ಬಂದಿದೆ. ಮುಟ್ಟಿದರೆ ಮೈಲಿಗೆ. ಷಾಸಿಯ ಮೇಲೆ ಒತ್ತಿದ ಸಂಖ್ಯೆಗೂ ಎಂಜಿನ್ನಿನ ಸಂಖ್ಯೆಗೂ ಕಾರ್ಖಾನೆಯ ದಾಖಲೆಗೂ ತಾಳೆಯಾಗಬೇಕು; ಬಣ್ಣ ಮೊದಲಿನದೇ ಇದ್ದರೆ ಇನ್ನೂ ಲೇಸು. ಹಿಂದೆ ಹಳೆಯ ಕಾರನ್ನು ಕನ್ನಡಿಯಂತೆ ಉಜ್ಜಿ ಹೊಳೆಯಿಸಿ ಮಾರುತ್ತಿದ್ದರು. ೨೦೧೫ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನಲ್ಲಿ ನಡೆದುದೇ ಬೇರೆ. ಪಶ್ಚಿಮ ಫ್ರಾನ್ಸಿನಲ್ಲಿ ಸಾರಿಗೆ ಉದ್ಯಮಿಯೊಬ್ಬನು ವಸ್ತುಸಂಗ್ರಹಾಲಯ ಕಟ್ಟುವ ಕನಸಿನಿಂದ ಕೂಡಿಹಾಕಿದ್ದ ಕಾರುಗಳಲ್ಲಿ ಸುಮಾರು ಅರುವತ್ತು, ಅವನ ವ್ಯಾಪಾರ ಕುಸಿದ ಮೇಲೆ ಕೊಟ್ಟಿಗೆಗಳಲ್ಲಿ ತುಕ್ಕು ಹಿಡಿಯುತ್ತ ಬಿದ್ದಿದ್ದುವು. ಅವುಗಳ ನಡುವೆ, ಹಳೆಯ ಕಾಗದಗಳ ರಾಶಿಯ ಕೆಳಗೆ, ಚಿತ್ರನಟ ಆಲನ್ ದೆಲನ್ ಒಂದು ಕಾಲಕ್ಕೆ ಇಟ್ಟುಕೊಂಡಿದ್ದ ೧೯೬೧ರ ಫೆರಾರಿ ‘ಕ್ಯಾಲಿಫೋರ್ನಿಯ ಸ್ಪೈಡರ್’ ಸಿಕ್ಕಿತು. ಹರಾಜಿನವರು ಅದನ್ನು ತೊಳೆಯಲಿಲ್ಲ. ದಶಕಗಳ ಧೂಳಿನೊಡನೆಯೇ ದೀಪಗಳ ಬೆಳಕಿನಲ್ಲಿ ನಿಲ್ಲಿಸಿದರು. ಸವಾಲು ಏರುತ್ತ ಏರುತ್ತ ಹೋಗಿ, ದಲ್ಲಾಳಿಯೂ ಸೇರಿ ೧ ಕೋಟಿ ೬೩ ಲಕ್ಷ ಯೂರೊಗಳ ಸನಿಹ ಬಂದು ನಿಂತಿತು.